ದ್ರೌಪದಿ ಕೇಳಿದ ಪ್ರಶ್ನೆ, ಒಲ್ಲದ ವರ

ಜೂಜಿನಲ್ಲಿ ಗೆದ್ದ ದ್ರೌಪದಿಯನ್ನು ಸಭೆಗೆ ಕರೆತರಲು ದುರ್ಯೋಧನನು ಪ್ರಾತಿಕಾಮಿಯನ್ನು ಕಳುಹಿಸಿದನು. ಆಕೆ ಅವನನ್ನು ಒಂದು ಪ್ರಶ್ನೆಯೊಡನೆ ಹಿಂದಿರುಗಿಸಿದಳು: ಧರ್ಮರಾಜನು ಮೊದಲು ಸೋತದ್ದು ತನ್ನನ್ನೋ, ಪತ್ನಿಯನ್ನೋ? ತನ್ನನ್ನೇ ಸೋತವನಿಗೆ ಮತ್ತೊಬ್ಬರನ್ನು ಪಣವಿಡುವ ಹಕ್ಕೆಲ್ಲಿಯದು ಎಂಬುದೇ ಅದರ ತಿರುಳು.

ಧರ್ಮವು ಸೂಕ್ಷ್ಮವೆಂದ ಭೀಷ್ಮನು ನಿರ್ಣಯಿಸಲಾರದಾದನು. ದುರ್ಯೋಧನನ ತಮ್ಮಂದಿರಲ್ಲಿ ವಿಕರ್ಣನೊಬ್ಬನೇ ಆಕೆಯ ಪರ ನುಡಿದನು. ಸಭೆ ಉತ್ತರಿಸಲಿಲ್ಲ, ಆಕೆ ಪ್ರಶ್ನೆಯನ್ನು ಬಿಡಲೂ ಇಲ್ಲ.

ಕಡೆಗೆ ಧೃತರಾಷ್ಟ್ರನಿತ್ತ ಮೊದಲ ವರದಿಂದ ಧರ್ಮರಾಜನನ್ನು, ಎರಡನೆಯದರಿಂದ ಉಳಿದ ನಾಲ್ವರನ್ನು ದಾಸ್ಯದಿಂದ ಬಿಡಿಸಿದಳು. ಮೂರನೆಯದನ್ನು ಒಲ್ಲೆನೆಂದಳು.

ಪರರ ಅಧಿಕಾರದ ಎಲ್ಲೆಯನ್ನು ಪ್ರಶ್ನಿಸಿದವಳು ತನ್ನ ಬೇಡಿಕೆಗೂ ಎಲ್ಲೆ ಹಾಕಿಕೊಂಡಳು. ಮಕ್ಕಳು ‘ಏಕೆ’ ಎಂದು ಕೇಳುವುದು ಅವಿನಯವಲ್ಲ. ಈ ಕಥೆಯನ್ನು ಹೇಳುವ ಹಿರಿಯರು ಅಂಥ ಪ್ರಶ್ನೆಗೆ ಮೌನವಾಗದೆ ಉತ್ತರಿಸಲೂ ಸಿದ್ಧರಿರಬೇಕು.