ಇಟ್ಟಿಗೆ ಎಣಿಸುತ್ತ ಹುಟ್ಟಿದ ವಿದ್ಯೆ

ನಮ್ಮ ಮನೆಯ ಮಹಡಿ ಕಟ್ಟಿಸುತ್ತಿದ್ದ ದಿನಗಳು. ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಅಣ್ಣನ ಮಗಳು ಕಾಲೇಜಿನಿಂದ ಬಂದವಳೇ ಸಾರವೆಯ ಬಳಿ ನಿಂತುಬಿಡುತ್ತಿದ್ದಳು. "ಚಿಕ್ಕಪ್ಪ, ಮೇಸ್ತ್ರಿ ಒಂದು ಇಟ್ಟಿಗೆಗೆ ಎಷ್ಟು ಸಲ ಬಗ್ತಾರೆ, ನೋಡಿ." ನೋಡಿದೆ. ಕಾಲಡಿಯ ರಾಶಿಗೆ ಬಗ್ಗಿ ಇಟ್ಟಿಗೆ ಎತ್ತಬೇಕು, ತಿರುಗಿಸಿ ಒಳ್ಳೆಯ ಮುಖ ಹುಡುಕಬೇಕು, ಗಾರೆಗೆ ಮತ್ತೆ ಬಾಂಡ್ಲಿಯತ್ತ ಬಗ್ಗಬೇಕು, ಇಟ್ಟ ಮೇಲೆ ಕರಣೆಯಿಂದ ಕುಟ್ಟಬೇಕು.

1885ರಲ್ಲಿ ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಕಂಡದ್ದೂ ಇದನ್ನೇ. ಕಾಲೇಜಿನ ಆಸೆ ಬಿಟ್ಟು ಹದಿನೇಳಕ್ಕೇ ಗಾರೆ ಕೆಲಸಕ್ಕೆ ಸೇರಿದ ಹುಡುಗ. ಮೇಸ್ತ್ರಿಗಳು ಹೇಳಿಕೊಡುವಾಗ ಕೈ ಆಡುವುದು ಒಂದು ರೀತಿ, ಅವಸರದಲ್ಲಿ ಇನ್ನೊಂದು, ನಿಧಾನದಲ್ಲಿ ಮತ್ತೊಂದು. ಹಾಗಾದರೆ ಸರಿಯಾದದ್ದು ಯಾವುದು? ಈ ಪ್ರಶ್ನೆ ಅವನನ್ನು ಬಿಡಲಿಲ್ಲ. ಮುಂದೆ ಗೋಡೆಯ ಜೊತೆಗೇ ಏರುವ ಸಾರವೆ ಮಾಡಿಸಿದ, ಇಟ್ಟಿಗೆ ಸೊಂಟದೆತ್ತರಕ್ಕೆ ಬಂತು. ಒಳ್ಳೆಯ ಮುಖ ಹೊರಗಿರುವಂತೆ ಕೈಯಾಳುಗಳೇ ಮೊದಲು ಜೋಡಿಸಿಟ್ಟರು. ಗಾರೆಯ ಹದ ಸರಿಯಿದ್ದಾಗ ಕುಟ್ಟುವುದೇ ಬೇಡವಾಯಿತು, ಅಂಗೈ ಒತ್ತಿದರೆ ಸಾಕು. ಹದಿನೆಂಟು ಚಲನೆ ಐದಕ್ಕಿಳಿಯಿತು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಕೈ 350 ಇಟ್ಟಿತು.

ಅದೇ ಕಾಲಕ್ಕೆ ಫ್ರೆಡರಿಕ್ ಟೇಲರ್ ಸ್ಟಾಪ್‌ವಾಚ್ ಹಿಡಿದು ಕಾರ್ಖಾನೆಗಳನ್ನು ಅಳೆಯುತ್ತಿದ್ದ. 1909ರಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್‌ನಲ್ಲಿ ಕೆಲಸವನ್ನು ಹೀಗೆ ಅಳೆದು ಸುಧಾರಿಸುವ ವಿದ್ಯೆಯೇ ನಾಲ್ಕು ವರ್ಷದ ಪದವಿಯಾಯಿತು. ಆದರೆ ಬೆವರಿನ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತರೆ ಯಾರು ಸಹಿಸುತ್ತಾರೆ? 1911ರಲ್ಲಿ ವಾಟರ್‌ಟೌನ್ ಶಸ್ತ್ರಾಗಾರದ ಎರಕದವರು ಕೆಲಸ ನಿಲ್ಲಿಸಿಯೇಬಿಟ್ಟರು.

ಗಡಿಯಾರ ಕಾಣದ್ದನ್ನು ಕಂಡವರು ಫ್ರಾಂಕ್‌ರ ಹೆಂಡತಿ ಲಿಲಿಯನ್. ದಣಿವು, ಬೇಸರ, ಮನಸ್ಸು ಇವೆಲ್ಲ ಅವರ ಲೆಕ್ಕದೊಳಗೆ ಬಂದವು. 1914ರಲ್ಲಿ ಆಡಳಿತದ ಮನೋವಿಜ್ಞಾನದ ಮೇಲೆ ಬರೆದ ಅವರ ಪುಸ್ತಕ ಹೊರಬಂದಾಗ ಅದರ ಮೇಲಿದ್ದದ್ದು ಬರೀ ಇನಿಷಿಯಲ್ಲು. ಬರೆದವರು ಹೆಂಗಸೆಂದು ತಿಳಿಯಬಾರದಂತೆ! ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ. 1924ರಲ್ಲಿ ಗಂಡ ರೈಲು ನಿಲ್ದಾಣದಲ್ಲಿ ಫೋನಿನಲ್ಲಿ ಇವರೊಡನೆ ಮಾತಾಡುತ್ತಿದ್ದಂತೆಯೇ ಕುಸಿದು ತೀರಿಕೊಂಡರು. ಮನೆತುಂಬ ಹನ್ನೊಂದು ಮಕ್ಕಳು. ಕೆಲವೇ ದಿನಗಳಲ್ಲಿ ಗಂಡ ಹೋಗಬೇಕಿದ್ದ ಸಮ್ಮೇಳನಕ್ಕೆ ತಾವೇ ಹಡಗು ಹತ್ತಿದರು. ಇವರಿಬ್ಬರ ಸಲಹೆ ಪಡೆಯುತ್ತಿದ್ದ ಕಂಪನಿಗಳು ದೂರ ಸರಿದಾಗ ಅಡುಗೆಮನೆಯನ್ನೇ ಕಾರ್ಖಾನೆಯಂತೆ ಅಭ್ಯಾಸ ಮಾಡಿದರು. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರೊಫೆಸರ್ ಆದರು.

ನಮ್ಮ ದೇಶದಲ್ಲಿ ಈ ವಿದ್ಯೆಗೆಂದು 1963ರಲ್ಲಿ ಮುಂಬೈಯಲ್ಲಿ ನಿಟಿ ಎಂಬ ಸಂಸ್ಥೆ ಬಂತು, ಈಗ ಅದು ಐಐಎಂ. ಬೆಂಗಳೂರಿನ ಕಾಲೇಜುಗಳಲ್ಲೂ ಅಣ್ಣನ ಮಗಳು ಓದಿದ ಈ ಐಇಎಂ ಇದೆ. ಆದರೂ ಸಿಇಟಿ ಆಪ್ಷನ್ ತುಂಬುವಾಗ ಮನೆಯವರು ಮೊದಲು ಬರೆಸುವುದು ಕಂಪ್ಯೂಟರ್ ಸೈನ್ಸ್. ಐಇಎಂ ಎಂದರೆ "ಅದೇನು, ಎಂಬಿಎ ತರಹವಾ?" ಎನ್ನುತ್ತಾರೆ. ಅಲ್ಲ. ಸ್ಟಾಟಿಸ್ಟಿಕ್ಸ್, ಆಪರೇಷನ್ಸ್ ರಿಸರ್ಚ್, ಎರ್ಗನಾಮಿಕ್ಸ್, ದಾಸ್ತಾನಿನ ಲೆಕ್ಕ ಎಲ್ಲ ಕಲಿತವರಿಗೆ ಪ್ರೊಡಕ್ಷನ್ ಪ್ಲ್ಯಾನಿಂಗ್, ಕ್ವಾಲಿಟಿ, ಸಪ್ಲೈ ಚೈನ್, ಆಸ್ಪತ್ರೆಯ ಸರದಿ, ವಿಮಾನ ನಿಲ್ದಾಣ ಎಲ್ಲೆಡೆ ಕೆಲಸವಿದೆ. ಗೇಟ್‌ನಲ್ಲಿ ಇದಕ್ಕೆಂದೇ ಒಂದು ಪೇಪರಿದೆ. ನನ್ನ ಸಂಕಟ ಬೇರೆ: ಈಗ ಎಲ್ಲವೂ ಸ್ಕ್ರೀನಿನ ಮೇಲೆ. ಕೂಲಿಯವನ ಬೆನ್ನು ನೋಡುವ ವಿದ್ಯಾರ್ಥಿ ಕಡಿಮೆಯಾಗುತ್ತಿದ್ದಾನೆ.

ಅಣ್ಣನ ಮಗಳು ಈಗ ಹೊಸಕೋಟೆ ಕಡೆಯ ಗೋದಾಮೊಂದರಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ಹೇಳಿದಳು: "ಹಿಟ್ಟಿನ ಮೂಟೆ ಕೆಳಗಿನ ರ‍್ಯಾಕಲ್ಲಿತ್ತು ಚಿಕ್ಕಪ್ಪ. ಸೊಂಟದೆತ್ತರಕ್ಕೆ ತರಿಸಿದೆ. ಸಂಜೆ ಒಬ್ಬರು ಬಂದು ಏನೂ ಹೇಳಲಿಲ್ಲ, ಸೊಂಟ ಮುಟ್ಟಿ ತೋರಿಸಿ ನಕ್ಕರು."