ಸೇವಾ ಕ್ಲಬ್‌ನ ಒಂದು ವರ್ಷ: ಜುಲೈನಿಂದ ಜೂನ್‌ವರೆಗೆ

ರಾಜ್ಯದ ಅನೇಕ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿ ರೋಟರಿ, ಲಯನ್ಸ್ ಮೊದಲಾದ ಸೇವಾ ಕ್ಲಬ್‌ಗಳು ಕಾರ್ಯನಿರತವಾಗಿವೆ. ವರ್ತಕರು, ಸಣ್ಣ ಕೈಗಾರಿಕೋದ್ಯಮಿಗಳು, ವೈದ್ಯರು ಹಾಗೂ ಲೆಕ್ಕ ಪರಿಶೋಧಕರು ಇವುಗಳ ಸದಸ್ಯರಾಗಿರುತ್ತಾರೆ. ರಕ್ತದಾನ ಶಿಬಿರ, ನೇತ್ರ ತಪಾಸಣೆ, ಶಾಲೆಗಳಿಗೆ ಪೀಠೋಪಕರಣ ಮುಂತಾದ ಕಾರ್ಯಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಆದರೆ ಅವುಗಳ ಹಿಂದಿರುವ ವಾರ್ಷಿಕ ವ್ಯವಸ್ಥೆಯ ಪರಿಚಯ ದೇಣಿಗೆ ನೀಡುವ ವ್ಯಾಪಾರಸ್ಥರಿಗೂ ಬಹುಮಟ್ಟಿಗೆ ಇರುವುದಿಲ್ಲ. ರೋಟರಿ ಕ್ಲಬ್‌ನ ಒಂದು ವರ್ಷವನ್ನು ನಿದರ್ಶನವಾಗಿಟ್ಟುಕೊಂಡು ಆ ವ್ಯವಸ್ಥೆಯನ್ನು ಇಲ್ಲಿ ವಿವರಿಸಲಾಗಿದೆ.

ವ್ಯಾಪಾರದಿಂದ ಸೇವೆಗೆ

1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ಕಲ್ಲಿದ್ದಲು ವರ್ತಕ ಸಿಲ್ವೆಸ್ಟರ್ ಶೀಲೆ ಹಾಗೂ ದರ್ಜಿ ವೃತ್ತಿಯ ಹೈರಮ್ ಶೋರಿ ಒಂದೆಡೆ ಸೇರಿದಾಗ ರೋಟರಿ ಜನ್ಮತಾಳಿತು. ಸಭೆಗಳು ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ನಡೆಯುತ್ತಿದ್ದುದರಿಂದ ಈ ಹೆಸರು ಬಂದಿತು. ಆರಂಭದಲ್ಲಿ ಪರಸ್ಪರ ಪರಿಚಯ ಹಾಗೂ ವ್ಯವಹಾರ ವೃದ್ಧಿಯೂ ಉದ್ದೇಶಗಳಾಗಿದ್ದವು. ಕೆಲವೇ ವರ್ಷಗಳಲ್ಲಿ ನಗರಕ್ಕೆ ಸಾರ್ವಜನಿಕ ಶೌಚಾಲಯ ಒದಗಿಸುವ ಯತ್ನದ ಮೂಲಕ ಸಂಸ್ಥೆಯು ಸಮಾಜಸೇವೆಯತ್ತ ಹೊರಳಿತು. ಭಾರತದಲ್ಲಿ ಮೊದಲ ಕ್ಲಬ್ 1919ರಲ್ಲಿ ಕಲ್ಕತ್ತೆಯಲ್ಲಿ ರೂಪುಗೊಂಡಿತು. ಬೆಂಗಳೂರಿನ ಕ್ಲಬ್ 1934ರಷ್ಟು ಹಳೆಯದು. 1917ರಲ್ಲಿ ಆರಂಭಗೊಂಡ ಲಯನ್ಸ್ ಸಂಸ್ಥೆ 1956ರಲ್ಲಿ ಭಾರತಕ್ಕೆ ಬಂದಿತು. ಮಹಿಳೆಯರಿಗೆ ವಿಶ್ವದಾದ್ಯಂತ ರೋಟರಿ ಸದಸ್ಯತ್ವ ಮುಕ್ತವಾದುದು 1989ರಲ್ಲಿ.

ಜುಲೈ: ಪದಗ್ರಹಣ ಮತ್ತು ಆಯವ್ಯಯ

ಕ್ಲಬ್‌ನ ವರ್ಷ ಜುಲೈ 1ರಂದು ಆರಂಭಗೊಂಡು ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರು ಸಾಮಾನ್ಯವಾಗಿ ಒಂದೇ ವರ್ಷ ಅಧಿಕಾರದಲ್ಲಿರುತ್ತಾರೆ. ಪದಗ್ರಹಣ ಸಮಾರಂಭ ಸಾರ್ವಜನಿಕವಾಗಿ ನಡೆದರೂ, ಆ ತಿಂಗಳ ಮುಖ್ಯ ಕಾರ್ಯ ಆಯವ್ಯಯಕ್ಕೆ ಆಡಳಿತ ಮಂಡಲಿಯ ಒಪ್ಪಿಗೆ ಪಡೆಯುವುದಾಗಿದೆ. ಅಂತರರಾಷ್ಟ್ರೀಯ ಸಂಸ್ಥೆಗೆ ಸಲ್ಲಬೇಕಾದ ಸದಸ್ಯ ಶುಲ್ಕದ ಬೇಡಿಕೆ ಜುಲೈ ಹಾಗೂ ಜನವರಿಗಳಲ್ಲಿ, ಎರಡು ಕಂತುಗಳಲ್ಲಿ ಬರುತ್ತದೆ.

ಕ್ಲಬ್‌ನ ಹಣವನ್ನು ಆಡಳಿತ ಮತ್ತು ಸೇವೆ ಎಂಬ ಎರಡು ಲೆಕ್ಕಗಳಲ್ಲಿ ಇಡುವುದು ನಿಯಮ. ಸಭೆಯ ಊಟೋಪಚಾರ, ಅಂಚೆ, ಮುದ್ರಣಗಳ ವೆಚ್ಚ ಸದಸ್ಯರ ಶುಲ್ಕದಿಂದ ಭರಿಸಲ್ಪಡಬೇಕು. ಸಾರ್ವಜನಿಕರಿಂದ ಸೇವೆಗಾಗಿ ಸಂಗ್ರಹಿಸಿದ ಹಣ ಸೇವೆಗೇ ವಿನಿಯೋಗವಾಗಬೇಕು. ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಮನೆಯ ಖರ್ಚನ್ನೂ ಬೇರೆಯಾಗಿಡುವ ವರ್ತಕರಿಗೆ ಈ ವಿಭಜನೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟ್‌ನಿಂದ ನವೆಂಬರ್: ಸಭೆ, ಯೋಜನೆ, ಪ್ರತಿಷ್ಠಾನ

ಹಿಂದೆ ಪ್ರತಿ ವಾರವೂ ಸಭೆ ಸೇರುವುದು ಕಡ್ಡಾಯವಾಗಿತ್ತು. 2016ರಲ್ಲಿ ನಿಯಮ ಸಡಿಲಗೊಂಡು, ತಿಂಗಳಿಗೆ ಕನಿಷ್ಠ ಎರಡು ಸಭೆಗಳಿದ್ದರೆ ಸಾಕೆಂದಾಯಿತು. ಕೆಲವು ತಿಂಗಳುಗಳಿಗೆ ನಿಗದಿತ ವಿಷಯಗಳಿವೆ: ಸೆಪ್ಟೆಂಬರ್ ಸಾಕ್ಷರತೆಗೆ, ನವೆಂಬರ್ ರೋಟರಿ ಪ್ರತಿಷ್ಠಾನಕ್ಕೆ, ಡಿಸೆಂಬರ್ ರೋಗ ತಡೆಗೆ, ಜನವರಿ ವೃತ್ತಿಸೇವೆಗೆ, ಮಾರ್ಚ್ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ರೋಟರಿ ಜಿಲ್ಲೆಯ ಗವರ್ನರ್ ಪ್ರತಿ ಕ್ಲಬ್‌ಗೂ ಅಧಿಕೃತ ಭೇಟಿ ನೀಡುತ್ತಾರೆ.

ಪ್ರತಿಷ್ಠಾನದ ಕಾರ್ಯವಿಧಾನ ಗಮನಾರ್ಹವಾದುದು. ಅದರ ವಾರ್ಷಿಕ ನಿಧಿಗೆ ಸದಸ್ಯರು ನೀಡಿದ ವಂತಿಗೆಯನ್ನು ಮೂರು ವರ್ಷ ಹೂಡಿಕೆಯಲ್ಲಿರಿಸಿ, ಅನಂತರ ಸುಮಾರು ಅರ್ಧದಷ್ಟನ್ನು ಆಯಾ ಜಿಲ್ಲೆಯ ಯೋಜನೆಗಳಿಗೆ ಒದಗಿಸಲಾಗುತ್ತದೆ. ಅಂದರೆ ಇಂದಿನ ಅಧ್ಯಕ್ಷರು ಸಂಗ್ರಹಿಸಿದ ಹಣದ ಫಲ ಮೂರು ವರ್ಷಗಳ ನಂತರದ ಅಧ್ಯಕ್ಷರಿಗೆ ದೊರೆಯುತ್ತದೆ. ಜಾಗತಿಕ ಅನುದಾನ ಬೇಕಾದಲ್ಲಿ ಯೋಜನೆಯ ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು, ಬೇರೊಂದು ದೇಶದ ಕ್ಲಬ್ ಪಾಲುದಾರನಾಗಬೇಕು, ಸ್ಥಳೀಯ ಅಗತ್ಯದ ಸಮೀಕ್ಷೆ ಮೊದಲೇ ನಡೆದಿರಬೇಕು. ಅನುದಾನ ಮುಗಿದ ಮೇಲೆ ಕಾಮಗಾರಿಯನ್ನು ಯಾರು ನಡೆಸುವರೆಂಬುದನ್ನೂ ಅರ್ಜಿಯಲ್ಲಿ ತಿಳಿಸಬೇಕು.

ಡಿಸೆಂಬರ್‌ನಿಂದ ಜೂನ್: ಆಯ್ಕೆ ಮತ್ತು ಹಸ್ತಾಂತರ

ಡಿಸೆಂಬರ್ 31ರೊಳಗೆ ವಾರ್ಷಿಕ ಸಭೆ ನಡೆದು ಪದಾಧಿಕಾರಿಗಳ ಆಯ್ಕೆ ಮುಗಿಯಬೇಕು. ನಿಯೋಜಿತ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಜಿಲ್ಲಾ ಮಟ್ಟದ ತರಬೇತಿ ಪಡೆಯುತ್ತಾರೆ. ನಿಕಟಪೂರ್ವ ಅಧ್ಯಕ್ಷರು, ಹಾಲಿ ಅಧ್ಯಕ್ಷರು ಮತ್ತು ನಿಯೋಜಿತ ಅಧ್ಯಕ್ಷರು ಮೂವರೂ ಆಡಳಿತ ಮಂಡಲಿಯಲ್ಲಿರುತ್ತಾರೆ. ಕಾರ್ಯದ ಸರಪಣಿ ತುಂಡಾಗಬಾರದೆಂಬುದೇ ಇದರ ಉದ್ದೇಶ.

ಆದರೂ ಒಂದು ವರ್ಷದ ಅಧಿಕಾರಾವಧಿಯೇ ಸೇವಾ ಕ್ಲಬ್‌ಗಳ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು. ಪ್ರತಿ ಜುಲೈನಲ್ಲಿ ಹೊಸ ಉತ್ಸಾಹ ಬರುತ್ತದೆ. ಯಾರೊಬ್ಬರೂ ಸಂಸ್ಥೆಯನ್ನು ಸ್ವಂತ ಆಸ್ತಿ ಮಾಡಿಕೊಳ್ಳಲಾಗದು. ಅದೇ ವೇಳೆ, ಪ್ರತಿಯೊಬ್ಬ ಅಧ್ಯಕ್ಷರಿಗೂ ತಮ್ಮ ಅವಧಿಯಲ್ಲೇ ಉದ್ಘಾಟನೆಯಾಗುವ ಹೊಸ ಯೋಜನೆ ಬೇಕೆನಿಸುತ್ತದೆ. ಮಳೆಗಾಲದಲ್ಲಿ ನೆಟ್ಟ ಸಸಿಗಳಿಗೆ ಮಾರ್ಚ್-ಏಪ್ರಿಲ್‌ನಲ್ಲಿ ನೀರೆರೆಯುವವರು ಬೇಕು. ಶುದ್ಧ ನೀರಿನ ಘಟಕಕ್ಕೆ ಕಾಲಕಾಲಕ್ಕೆ ಫಿಲ್ಟರ್ ಬದಲಿಸಬೇಕು, ವಿದ್ಯುತ್ ಬಿಲ್ ಕಟ್ಟಬೇಕು. ಶಾಲೆಗೆ ಕೊಟ್ಟ ಕಂಪ್ಯೂಟರ್‌ಗಳ ಯುಪಿಎಸ್ ಬ್ಯಾಟರಿ ಸವೆಯುತ್ತದೆ. ಈ ಖರ್ಚುಗಳಿಗೆ ಯಾವ ಫಲಕವೂ ಇಲ್ಲ, ಸನ್ಮಾನವೂ ಇಲ್ಲ. ಹೊಸ ಯಂತ್ರ ಖರೀದಿಸಿ ನಿರ್ವಹಣೆಗೆ ಹಣ ತೆಗೆದಿಡದ ಕಾರ್ಖಾನೆಗೆ ಒದಗುವ ಗತಿಯೇ ಇಂತಹ ಯೋಜನೆಗಳಿಗೂ ಒದಗುತ್ತದೆ.

ಪೋಲಿಯೊ ಕಲಿಸಿದ ಪಾಠ

ಈ ದೌರ್ಬಲ್ಯವನ್ನು ಮೀರಬಹುದೆಂಬುದಕ್ಕೆ ಪೋಲಿಯೊ ನಿರ್ಮೂಲನ ಸಾಕ್ಷಿಯಾಗಿದೆ. ರೋಟರಿಯು 1985ರಲ್ಲಿ ಈ ಗುರಿಯನ್ನು ಘೋಷಿಸಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಳ ಜತೆಗೂಡಿ ಕಾರ್ಯ ನಡೆಯಿತು. ಲಸಿಕಾ ದಿನಗಳಂದು ಬೂತ್‌ಗಳಲ್ಲಿ ಕುಳಿತವರಲ್ಲಿ, ಜನರನ್ನು ಕರೆತಂದವರಲ್ಲಿ ಅನೇಕರು ಕ್ಲಬ್‌ಗಳ ಸದಸ್ಯರಾಗಿದ್ದರು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ದಾಖಲಾಯಿತು; 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು. ಈ ಸುಮಾರು 29 ವರ್ಷಗಳಲ್ಲಿ ಪ್ರತಿ ಜುಲೈನಲ್ಲೂ ಅಧ್ಯಕ್ಷರು ಬದಲಾದರು, ಗುರಿ ಮಾತ್ರ ಬದಲಾಗಲಿಲ್ಲ.

ದಾನಿಗಳು ಗಮನಿಸಬೇಕಾದ ಅಂಶಗಳು

ಕಂಪನಿ ಕಾಯಿದೆ 2013ರ ಸಾಮಾಜಿಕ ಹೊಣೆಗಾರಿಕೆಯ ನಿಯಮ ದೊಡ್ಡ ಕಂಪನಿಗಳಿಗೆ ಅನ್ವಯಿಸುತ್ತದೆ. ಅಂತಹ ಹಣ ಸ್ವೀಕರಿಸಿ ಯೋಜನೆ ನಡೆಸುವ ಟ್ರಸ್ಟ್‌ಗಳು 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನೋಂದಣಿ ಹೊಂದಿರಬೇಕು. ಸಣ್ಣ ಘಟಕಗಳ ಹಾಗೂ ವರ್ತಕರ ದೇಣಿಗೆ ಬಹುತೇಕ ಸ್ವಇಚ್ಛೆಯದು. ಆದ್ದರಿಂದ ಹಣ ನೀಡುವ ಮುನ್ನ ಕೆಳಗಿನ ವಿಷಯಗಳನ್ನು ಕೇಳಿ ತಿಳಿಯುವುದು ಒಳಿತು:

1. ಹಣ ಯಾವ ಲೆಕ್ಕಕ್ಕೆ ಜಮೆಯಾಗುತ್ತದೆ? ಹಿಂದಿನ ವರ್ಷದ ಪರಿಶೋಧಿತ ಲೆಕ್ಕಪತ್ರ ಲಭ್ಯವಿದೆಯೇ?

2. ರಸೀದಿ ನೀಡುವ ಟ್ರಸ್ಟ್‌ಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಇದೆಯೇ? 2,000 ರೂ.ಗಳಿಗೆ ಮೀರಿದ ನಗದು ದೇಣಿಗೆಗೆ 2017-18ರಿಂದ ವಿನಾಯಿತಿ ದೊರೆಯದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸೂಕ್ತ.

3. ಬರುವ ಜೂನ್ 30ರ ನಂತರ ಯೋಜನೆಯ ನಿರ್ವಹಣೆ ಯಾರ ಹೊಣೆ? ಶಾಲೆ ಅಥವಾ ಗ್ರಾಮ ಪಂಚಾಯತಿಯೊಡನೆ ಲಿಖಿತ ಒಪ್ಪಂದವಾಗಿದೆಯೇ?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಸದಸ್ಯರಾಗಿರುವ ಉದ್ಯಮಿಗಳು ಹಣವನ್ನಷ್ಟೇ ಅಲ್ಲ, ನಿರ್ವಹಣೆಗೆ ಮೊದಲೇ ಮೊಬಲಗು ತೆಗೆದಿಡುವ, ದಾಸ್ತಾನು ಪರಿಶೀಲಿಸುವ, ಮುಂದಿನವರಿಗೆ ಲೆಕ್ಕ ಒಪ್ಪಿಸುವ ತಮ್ಮ ದೈನಂದಿನ ಶಿಸ್ತನ್ನೂ ಕ್ಲಬ್‌ಗೆ ತರಬಲ್ಲರು. ಹಿಂದಿನವರು ಆರಂಭಿಸಿದ ಕಾರ್ಯವನ್ನು ಸುಸ್ಥಿತಿಯಲ್ಲಿ ಮುಂದಿನವರ ಕೈಗಿತ್ತ ಅಧ್ಯಕ್ಷರ ವರ್ಷವನ್ನೂ ಯಶಸ್ವಿ ವರ್ಷವೆಂದೇ ಪರಿಗಣಿಸುವ ರೂಢಿ ಬೆಳೆದಲ್ಲಿ, ದಾನಿಗಳ ಹಣ ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.