ಅಲೆಯ ಸವಾರಿ ಮೂಲ್ಕಿಗೆ ಬಂದ ಬಗೆ

ಆಳಂದ, ಅಫಜಲಪುರ, ಜೇವರ್ಗಿಯ ಕಡೆ ನೀರೆಂದರೆ ಭೀಮಾ ಮತ್ತು ಅಮರ್ಜಾ ನದಿಗಳು; ಕಡಲು ಬಹು ದೂರ. ಆದರೆ ನಮ್ಮದೇ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ ಹುಡುಗ ಹುಡುಗಿಯರು ಹಲಗೆಯ ಮೇಲೆ ನಿಂತು ಕಡಲಿನ ಅಲೆಗಳನ್ನೇರಿ ಬರುತ್ತಾರೆ. ಸರ್ಫಿಂಗ್ ಎಂಬ ಈ ಆಟ ಅಲ್ಲಿ ಬೇರೂರಿದ್ದು ಹೇಗೆ?

ಇದರ ತವರು ಪೆಸಿಫಿಕ್ ಸಾಗರದ ಹವಾಯಿ ಮುಂತಾದ ದ್ವೀಪಗಳು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿಗೆ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೊಕು ಇದನ್ನು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಜನಪ್ರಿಯಗೊಳಿಸಿದರು. ಮೂಲ್ಕಿಗೆ ಇದನ್ನು ತಂದವರು ಅಮೆರಿಕದ ಜಾಕ್ ಹೆಬ್ನರ್. ಭಾರತಕ್ಕೆ ಬಂದು ಸಂನ್ಯಾಸ ಸ್ವೀಕರಿಸಿ ಸ್ವಾಮಿ ನರಸಿಂಗ ಎನಿಸಿದ ಅವರು 2004ರಲ್ಲಿ ಇಲ್ಲಿ ಆಶ್ರಮ ಆರಂಭಿಸಿದರು. ಅಲ್ಲಿ ಜಪವೂ ಇತ್ತು, ಅಲೆಯ ಸವಾರಿಯೂ ಇತ್ತು. ಜನ ಅದನ್ನು 'ಸರ್ಫಿಂಗ್ ಆಶ್ರಮ' ಎಂದರು. ಮಂತ್ರ ಸರ್ಫ್ ಕ್ಲಬ್ ಬೆಳೆದದ್ದು ಅಲ್ಲಿಂದಲೇ.

ಇದಕ್ಕೆ ಮೂಲ್ಕಿಯ ಭೂಗೋಳವೂ ಅನುಕೂಲವಾಗಿತ್ತು. ಗಾಣಗಾಪುರದಲ್ಲಿ ಅಮರ್ಜಾ ಭೀಮೆಯನ್ನು ಸೇರುವಂತೆ, ಸಸಿಹಿತ್ಲುವಿನ ಬಳಿ ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುತ್ತವೆ. ಇಂಥ ನದೀಮುಖವನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಳಿವೆಯ ಬಳಿ ಮರಳು ದಿಬ್ಬಗಟ್ಟುತ್ತದೆ. ದೂರದ ಗಾಳಿಯಿಂದ ಎದ್ದ ಅಲೆ ಆಳವಿಲ್ಲದ ಜಾಗಕ್ಕೆ ಬಂದಾಗ ಅದರ ವೇಗ ತಗ್ಗಿ ಎತ್ತರ ಹೆಚ್ಚುತ್ತದೆ. ಕೊನೆಗೆ ತುದಿ ಮುಂದಕ್ಕೆ ಬಾಗಿ ಒಡೆಯುತ್ತದೆ. ಸವಾರನನ್ನು ಮುಂದೆ ತಳ್ಳುವುದು ಈ ಇಳಿಜಾರು.

ಆದರೂ ಹೊರಗಿನಿಂದ ಬಂದ ಆಟ ಊರಿನದಾದದ್ದು ಊರಿನ ಮಕ್ಕಳು ಅದನ್ನು ಕಲಿತ ಮೇಲೆ. ಮೀನುಗಾರರಿಗೆ ಕಡಲು ದುಡಿಮೆಯ ಜಾಗ. ಅದರ ಅಪಾಯ ಬಲ್ಲ ಹಿರಿಯರಿಗೆ ಮಕ್ಕಳನ್ನು ಆಟಕ್ಕೆಂದು ನೀರಿಗಿಳಿಸುವುದು ಸುಲಭದ ಮಾತಲ್ಲ. ಮಂತ್ರ ಸರ್ಫ್ ಕ್ಲಬ್‌ನಲ್ಲಿ ಪಳಗಿದ ತನ್ವಿ ಜಗದೀಶ್, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2011ರಲ್ಲಿ ಭಾರತೀಯ ಸರ್ಫಿಂಗ್ ಫೆಡರೇಷನ್ ಸ್ಥಾಪನೆಯಾಯಿತು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿತು.

ಈ ಆಟಕ್ಕೆ ಧೈರ್ಯಕ್ಕಿಂತ ಮೊದಲು ನೀರಿನ ಅರಿವು ಬೇಕು. ಪ್ರವಾಸಕ್ಕೆಂದು ಕಡಲಿಗೆ ಹೋಗುವ ನಿಮಗೂ ಅದು ಅಗತ್ಯ. ಅಲೆಗಳು ದಡಕ್ಕೆ ತಂದ ನೀರು ಕೆಲವೆಡೆ ಕಿರಿದಾದ ಸೆಳವಾಗಿ ಕಡಲಿಗೆ ಮರಳುತ್ತದೆ. ಸುತ್ತ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ಸೆಳವಿಗೆ ಸಿಕ್ಕರೆ ನೇರ ದಡದತ್ತ ಈಜಿ ದಣಿಯದೆ, ತೇಲುತ್ತ ಕೈಯೆತ್ತಿ ನೆರವು ಕೇಳಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು, ಬಳಿಕ ದಡದತ್ತ ತಿರುಗಬೇಕು.